ಸುಲ್ತಾನನ ಹೊಸ ಮುಂಡಾಸು

“ಇವನೇ ನನ್ನ ಗಂಡ!”

ರುಕಿಯಾ ಗೋಡೆಯ ಚಿತ್ರಕ್ಕೆ ಬೆರಳು ತೋರಿಸಿದಾಗ ಪ್ರೇಮನಾಥನ ಕೈಯಲ್ಲಿದ್ದ ಚಹಾ ತುಳುಕಿತು. ಒಮಾನಿನ ಇಬ್ರಾ ಪೇಟೆಯ ಆ ಸ್ಟುಡಿಯೋದಲ್ಲಿ ಅವನು ಫೋಟೋ ತೆಗೆಯುವವ. ಬೇರೆ ಯಾರಾದರೂ ಆಗಿದ್ದರೆ ಬೈದು ಕಳಿಸುತ್ತಿದ್ದ. ಆದರೆ ಈ ಮುದುಕಿ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಯೂಸುಫನ ತಾಯಿ. ವೀಸಾ ಇರುವುದೇ ಯೂಸುಫನ ಕೈಯಲ್ಲಿ.

“ಉಮ್ಮಾ, ಅದು ಎಂಬತ್ತಾರರ ಕ್ಯಾಲೆಂಡರು. ಐನೂರು ವರ್ಷದ ಹಿಂದೆ ಯಾರೋ ಇಟಲಿಯವ ಬರೆದದ್ದು. ಇವ ತುರ್ಕಿಯ ಸುಲ್ತಾನ.”

“ಸುಲ್ತಾನ ಅಲ್ಲ ಮಾರಾಯ,” ಪಕ್ಕದ ಬ್ಯಾಂಕಿನ ಗುಮಾಸ್ತ ಕ್ಯಾಸ್ಮಿರ್ ಕನ್ನಡಕ ಏರಿಸಿ ಚಿತ್ರದ ಅಡಿಬರಹ ಓದಿದ. “ಮೊದಲು ಹಾಗೆ ಹೇಳ್ತಿದ್ದರಂತೆ. ಈಗ ತುರ್ಕಿ ವೇಷ ಹಾಕಿದ ವೆನಿಸಿನ ವ್ಯಾಪಾರಿ ಅಂತ ಉಂಟು. ನಮ್ಮ ಇಗರ್ಜಿಯ ಕ್ರಿಶ್ಚಿಯನ್ನೇ!”

“ಹೌದಾ? ಹಾಗಾದರೆ ಪೂಜೆಗೆ ಕರ್ಕೊಂಡು ಹೋಗು. ಈಗ ಬಾಯಿ ಮುಚ್ಚು!”

ಇಬ್ಬರ ಜಗಳ ಮುಗಿಯುವವರೆಗೆ ರುಕಿಯಾ ತಾಳ್ಮೆಯಿಂದ ಕಾದಳು. “ಯಾರು ಬೇಕಾದರೂ ಬರೆದಿರಲಿ. ಮೂಗು ಅವನದೇ, ಆ ಕಳ್ಳನೋಟವೂ ಅವನದೇ. ಮುಂಡಾಸು ಮಾತ್ರ ತಪ್ಪು. ಸರಿ ಮಾಡು.”

ಅವಳ ಗಂಡ ಜಾಂಜಿಬಾರಿಗೆ ಹೋದ ಹಡಗು ಮರಳಿರಲಿಲ್ಲ. ಆಗ ಯೂಸುಫ್ ಹೊಟ್ಟೆಯಲ್ಲಿದ್ದ. ಇಬ್ರಾಕ್ಕೆ ಕ್ಯಾಮೆರಾ ಬಂದಿರಲಿಲ್ಲ.

ಯಾವನನ್ನೋ ಅಪ್ಪನೆಂದು ಕೊಟ್ಟದ್ದು ಮಗನಿಗೆ ಗೊತ್ತಾದರೆ ತನ್ನ ಕಥೆ ಮುಗಿಯಿತು. ಆದರೂ ಪ್ರೇಮನಾಥ ಕುಂಚ ಹಿಡಿದ. ಕುಂಬಳಕಾಯಿಯಂಥ ತುರ್ಕಿ ಮುಂಡಾಸು ಇಳಿದು ಒಮಾನಿನ ಮಸ್ಸರ್ ತಲೆಗೇರಿತು. ಕೆಂಪು ನಿಲುವಂಗಿ ಬೆಳ್ಳಗಾಯಿತು. ಬಣ್ಣ ಹಚ್ಚುತ್ತ ಸುಲ್ತಾನನನ್ನೂ ವ್ಯಾಪಾರಿಯನ್ನೂ ತುಳುವಿನಲ್ಲಿ ಒಟ್ಟಿಗೇ ಬೈದ.

ಶುಕ್ರವಾರ ರುಕಿಯಾಳ ಕೋಣೆಯಲ್ಲಿ ಚಿತ್ರಕ್ಕೆ ಮೊಳೆ ಹೊಡೆದು ಹೊರಬರುವಾಗ ಯೂಸುಫ್ ಅಡ್ಡ ನಿಂತ.

“ಪ್ರೇಮ್, ಸತ್ಯ ಹೇಳು. ನನ್ನ ಅಪ್ಪನ ಫೋಟೋ ನಿನಗೆಲ್ಲಿ ಸಿಕ್ಕಿತು?”

ಸುಳ್ಳು ನಾಲಗೆಯ ತುದಿಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ.

“ಅಪ್ಪನೂ ಅಲ್ಲ, ಚಿಕ್ಕಪ್ಪನೂ ಅಲ್ಲ! ಕ್ಯಾಲೆಂಡರು! ಬೇಡ ಅಂದೆ, ನಿಮ್ಮ ತಾಯಿ ಕೇಳಲಿಲ್ಲ. ವೀಸಾ ಕ್ಯಾನ್ಸಲ್ ಮಾಡುವುದಾದರೆ ಮಾಡಿ. ಖಲಾಸ್!”

ಯೂಸುಫನ ಮುಖ ಬಿಗಿದುಕೊಂಡಿತು. ಅಷ್ಟರಲ್ಲಿ ಒಳಗಿನಿಂದ ರುಕಿಯಾಳ ದನಿ ಏರಿತು. ಇಬ್ಬರೂ ಬಾಗಿಲಲ್ಲಿ ಇಣುಕಿದರು. ಮುದುಕಿ ಸೊಂಟಕ್ಕೆ ಕೈಯಿಟ್ಟು ಚಿತ್ರದ ಎದುರು ನಿಂತಿದ್ದಳು.

“ಅಷ್ಟು ಒಳ್ಳೆಯ ಒಂಟೆಯನ್ನು ಆ ನಿನ್ನ ಸೋಮಾರಿ ತಮ್ಮನಿಗೆ ಯಾಕೆ ಕೊಟ್ಟೆ? ಹೇಳು! ಈಗ ನೋಡು, ಬಾಯಿಯೇ ಇಲ್ಲ!”

ಪ್ರೇಮನಾಥನಿಗೆ ನಗು ತಡೆಯಲಾಗಲಿಲ್ಲ. ಯೂಸುಫ್ ಅವನ ಬಾಯಿಗೆ ಕೈ ಅಡ್ಡ ಹಿಡಿದು, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡ.

“ಶ್! ಅಪ್ಪ ಬೈಸಿಕೊಳ್ಳುತ್ತಿದ್ದಾನೆ.”