ಪರೀಕ್ಷಕರ ಕುರ್ಚಿ

“ಕಾರ್ಡುಗಳನ್ನ ಹೇಗೆ ಜೋಡಿಸಬೇಕು ಅಂತ ನಾನು ಹೇಳೋದಿಲ್ಲ,” ಎಂದು ನೋರೀನ್ ಶುರುಮಾಡಿದಳು.

“ಸರಿಯೋ ತಪ್ಪೋ, ಅಷ್ಟು ಮಾತ್ರ ಹೇಳ್ತೀನಿ,” ಎಂದು ಎದುರಿಗಿದ್ದ ಪೇಷಂಟೇ ಮುಗಿಸಿದರು. ಅದೇ ರಾಗ, ಅದೇ ತಾಳ.

ಮುಗಿಸದೆ ಏನು? ಆ ಮಾತನ್ನು ಅವಳಿಗೆ ಕಲಿಸಿದ ಗುರುಗಳೇ ಅವರು. ಮಿದುಳಿನ ಮುಂಭಾಗದಲ್ಲಿ ಕೂತು ಯೋಜನೆ ಹಾಕುವ, ಆತುರಕ್ಕೆ ಲಗಾಮು ಬಿಗಿಯುವ ‘ಮ್ಯಾನೇಜರ’ನ ಬೆನ್ನು ಹತ್ತಿಯೇ ತಲೆ ನರೆತ ಪ್ರೊಫೆಸರ್ ರಿಂಟೂಲ್. “ಮೇಜಿನ ಮೇಲೆ ಏನೂ ಬಿಡಬೇಡಿ. ಮ್ಯಾನೇಜರ್ ಕುರ್ಚಿ ಬಿಟ್ಟ ಅಂದ್ರೆ ಕೈಗೆ ಕಣ್ಣೇ ಯಜಮಾನ. ಬಾಚಣಿಗೆ ಕಂಡ್ರೆ ತಲೆ ಬಾಚುತ್ತೆ.” ಇದು ಅವರ ಮೊದಲ ಪಾಠ. ಹಾಸ್ಟೆಲಿನಲ್ಲಿ ನೋರೀನ್ ಇದನ್ನು ಅವರ ಹಾಗೇ ಮೂಗಿನಲ್ಲಿ ಹೇಳಿ ಗೆಳತಿಯರನ್ನು ನಗಿಸುತ್ತಿದ್ದಳು. ಈಗ ಕೆನಡಾದ ಥಂಡರ್ ಬೇ ಊರಿನ ಕ್ಲಿನಿಕ್ಕಿನಲ್ಲಿ ಅದೇ ಮಿಮಿಕ್ರಿ, ಸಂಬಳ ಸಮೇತ.

ಅವರನ್ನು ಕರೆತಂದವರು ಹೆಂಡತಿ ಮೇವಿಸ್. ಹಿಂದಿನ ವಾರ ಬ್ರೆಡ್ ತರಲು ಹೋದ ರಿಂಟೂಲ್, ಹೆಪ್ಪುಗಟ್ಟಿದ್ದ ಸರೋವರದ ಕರಗುತ್ತಿದ್ದ ಹಿಮದ ಮೇಲೆ ಕಾರು ನಿಲ್ಲಿಸಿ, ಮೀನು ಹಿಡಿಯುವವನೊಬ್ಬನನ್ನು “ಬೇಕರಿ ಇಲ್ಲಿಂದ ಎತ್ಬಿಟ್ರಾ?” ಎಂದು ಕೇಳಿದ್ದರಂತೆ. ಇನ್ನು ಮುಂದೆ ಕಾರಿನ ಕೀ ಯಾರ ಬಳಿ ಇರಬೇಕು ಎಂಬುದನ್ನು ಇವತ್ತಿನ ಪರೀಕ್ಷೆಯೇ ತೀರ್ಮಾನಿಸಬೇಕು.

ಆದರೆ ಪ್ರಶ್ನೆಪತ್ರಿಕೆ ತಯಾರಿಸಿದವರನ್ನೇ ಪರೀಕ್ಷೆಗೆ ಕೂರಿಸಿದರೆ? ಕಾರ್ಡು, ಗಡಿಯಾರ, ಒಗಟು, ಎಲ್ಲದರಲ್ಲೂ ನೂರಕ್ಕೆ ನೂರು.

“ಹೇಗಿದಾನೆ ನಮ್ಮ ಮ್ಯಾನೇಜರು?”

“ರಜೆ ಹಾಕಿದ ಹಾಗೆ ಕಾಣಲ್ಲ ಸರ್.”

“ಹಾಗಾದ್ರೆ ಮೇವಿಸ್‌ಗೆ ಹೇಳು, ಕೀ ಕೊಟ್ಬಿಡ್ಲಿ.”

ಅಂಕ ಅಂದರೆ ಅಂಕ. ಸರೋವರದ ಹಿಮಕ್ಕೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ. ನೋರೀನ್ ಎದ್ದು ಹೊರಗೆ ಹೋಗಿ ವಿಷಯ ಹೇಳಿದಳು. ಮೇವಿಸ್ ಅವಳ ಮುಖವನ್ನೇ ನೋಡಿದರು. ಕೀ ಕೈಯಲ್ಲಿ ಹಿಡಿದುಕೊಂಡು ಹಿಂದೆ ಬಂದರು.

ಒಳಗೆ ರಿಂಟೂಲ್ ಪರೀಕ್ಷಕರ ಕುರ್ಚಿಯಲ್ಲಿದ್ದರು. ನೋರೀನ್ ಮೇಜಿನ ಮೇಲೆ ಬಿಟ್ಟುಹೋಗಿದ್ದ ಕನ್ನಡಕ ಅವರ ಮೂಗಿನ ಮೇಲೆ, ಅವಳ ಸ್ಟಾಪ್‌ವಾಚು ಅವರ ಕೈಯಲ್ಲಿ, ಓಡುತ್ತಾ.

“ಬನ್ನಿ ತಾಯಿ, ಕೂತ್ಕೊಳ್ಳಿ. ನಿಮ್ಮ ಹೆಸರು?”

ನೋರೀನ್‌ಗೆ ನಗು ಬರಲಿಲ್ಲ. ಹಳೆಯ ಅಭ್ಯಾಸ, ಕೂತೇಬಿಟ್ಟಳು. ಹೆಸರನ್ನೂ ಹೇಳಿದಳು.

“ನೂರರಿಂದ ಏಳೇಳು ಕಳೀತಾ ಬನ್ನಿ.”

“ತೊಂಬತ್ತಮೂರು... ಎಂಬತ್ತಾರು...” ಅವರ ಮೂಗಿನ ಮೇಲಿದ್ದ ತನ್ನ ಕನ್ನಡಕ ನೋಡುತ್ತಾ ಅವಳಿಗೆ ಲೆಕ್ಕ ತಪ್ಪಿತು.

“ಪರವಾಗಿಲ್ಲ, ಪರವಾಗಿಲ್ಲ.” ರಿಂಟೂಲ್ ಸ್ಟಾಪ್‌ವಾಚು ನಿಲ್ಲಿಸಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿ, ರೋಗಿಗಳ ಮನೆಯವರಿಗೆಂದೇ ಇಟ್ಟುಕೊಂಡಿದ್ದ ಮೆಲುದನಿಯಲ್ಲಿ ಹೇಳಿದರು: “ಬೇಜಾರು ಮಾಡ್ಕೋಬೇಡಿ. ಇನ್ನು ಇವರ ಕೈಗೆ ಕಾರಿನ ಕೀ ಕೊಡೋದು ಬೇಡ.”

“ಆಗಲಿ ಡಾಕ್ಟ್ರೇ,” ಎಂದು ಮೇವಿಸ್ ಕೀಯನ್ನು ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದರು.