ನಾಲ್ಕು ಇಸ್ಪೀಟ್

ಹೊಸ ಇಸ್ಪೀಟ್ ಪ್ಯಾಕಿನ ಮೇಣದಂಥ ವಾಸನೆಗೆ ಇಂದಿಗೂ ನನ್ನ ಬಾಯಿ ಒಣಗುತ್ತದೆ.

ಆಗ ನನಗೆ ಹತ್ತು ವರ್ಷ. ಇಂಗ್ಲೆಂಡಿನ ರನ್‌ಕಾರ್ನ್‌ನ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಕ್ಲಬ್ಬಿನ ಬ್ರಿಡ್ಜ್ ಪಂದ್ಯಕ್ಕೆ ಅಭ್ಯಾಸ ನಡೆದಿತ್ತು. ಅಪ್ಪ ಅಮ್ಮ ಒಂದು ಜೋಡಿ. ಮೂರ್ತಿ ಅಂಕಲ್, ಆಂಟಿ ಎದುರಾಳಿಗಳು. ಇಸ್ಪೀಟೇ ತುರುಫು ಎಂದು ಅಪ್ಪ ಕೂಗಿದ ಸವಾಲನ್ನು ಅಮ್ಮ ನಾಲ್ಕಕ್ಕೆ ಏರಿಸಿದಳು. ಅಂದರೆ ಹದಿಮೂರು ಸುತ್ತಿನಲ್ಲಿ ಹತ್ತನ್ನು ಗೆಲ್ಲಲೇಬೇಕು. ನಿಯಮದಂತೆ ಅಮ್ಮ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು ಸುಮ್ಮನೆ ಕೂತಳು. ತಮ್ಮದು, ಅವಳದು, ಎರಡೂ ಕೈ ಆಡಿದ್ದು ಅಪ್ಪನೇ. ಗೆದ್ದದ್ದು ಒಂಬತ್ತು.

"ಪುಟ್ಟಿ, ಬಾ ಇಲ್ಲಿ," ಅಪ್ಪ ನಗುತ್ತ ಕರೆದರು. "ಅಮ್ಮನ ಈ ಎಲೆಗಳು ನಿನ್ನ ಕೈಲಿದ್ದಿದ್ರೆ ನಾಲ್ಕು ಅಂತಿದ್ಯಾ?"

ಅವರ ಬೆನ್ನ ಹಿಂದೆ ನಿಂತು ನಾನು ಎಲ್ಲವನ್ನೂ ನೋಡಿದ್ದೆ. ಎದುರಾಳಿಗಳ ತುರುಫು ಖಾಲಿ ಮಾಡಿಸದೆ ಅಪ್ಪ ಬೇರೆ ಬಣ್ಣದ ಎಕ್ಕ ಇಳಿಸಿದ್ದರು; ಆಂಟಿ ಅದನ್ನು ಪುಟ್ಟದೊಂದು ತುರುಫಿನಿಂದ ಹೊಡೆದಿದ್ದರು. ಕಡಿಮೆ ಬಿದ್ದ ಒಂದು ಸುತ್ತು ಅದೇ. ಅಮ್ಮ ನನ್ನನ್ನೇ ನೋಡುತ್ತಿದ್ದಳು.

"ನೋ ವೇ. ಪಾಸ್," ಎಂದೆ.

"ನೋಡಿದ್ರಾ, ಮಗೂಗೆ ಗೊತ್ತಾಗತ್ತೆ!" ಅಪ್ಪ ಅಂಕಲ್ ಕಡೆ ತಿರುಗಿದರು. ಆಮೇಲೆ ಅಮ್ಮನಿಗೆ, "ಏಳೇ, ಕಾಫಿ ಮಾಡು. ಪಂದ್ಯಕ್ಕೆ ಇವಳೇ ಬರ್ತಾಳೆ."

ಅಮ್ಮ ಎದ್ದಳು. ಅವಳ ಕುರ್ಚಿಯಲ್ಲಿ ನಾನು ಕೂತೆ.

ಅವಳು ಕಾಫಿ ತಂದಾಗ, ಅವಳಿಗೆ ಕಾಣದಿರಲೆಂದು ನನ್ನ ಎಲೆಗಳನ್ನು ಎದೆಗೆ ಅವಚಿಕೊಂಡೆ.