ಪೆನ್ಸಿಲ್ ಚುಕ್ಕಿ

ಮಾಲಿನಿ ಒಬ್ಬೊಬ್ಬರ ಹೆಸರು ಕರೆದು, ಅಂಕವನ್ನು ಗಟ್ಟಿಯಾಗಿ ಓದಿ, ಉತ್ತರದ ಹಾಳೆ ಕೊಡುತ್ತಿದ್ದಳು. ಕನಕರಾಜು ಕೊನೆಯ ಬೆಂಚಿನಲ್ಲಿ ಸೊಂಟ ಹಿಡಿದುಕೊಂಡು ಕಾದರು. ಹೊಸ ಆದಾಯ ತೆರಿಗೆ ಕಾಯ್ದೆಯ ಬಗ್ಗೆ ಬೀರೂರಿನಲ್ಲಿ ಮಾಲಿನಿ ನಡೆಸುತ್ತಿದ್ದ ಮೂರು ದಿನದ ತರಬೇತಿ ಮುಗಿಯುತ್ತ ಬಂದಿತ್ತು. ಅಜ್ಜಂಪುರದವರ ರಿಟರ್ನ್ ತುಂಬುತ್ತ ಮೂವತ್ತೊಂದು ವರ್ಷ ಕಳೆದಿದ್ದ ಅವರಿಗೆ ಹಳೆಯ ಸೆಕ್ಷನ್ ನಂಬರುಗಳು ಮಗ್ಗಿಯಂತೆ ಬಾಯಿಗೆ ಬರುತ್ತಿದ್ದವು. ಈಗ ಆ ನಂಬರುಗಳೆಲ್ಲ ಬದಲಾಗಿದ್ದವು. ಹೊಸದಾಗಿ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ನಿಮ್ದು ಬಿಡಿ ಕನಕಣ್ಣ, ನೂರಕ್ಕೆ ನೂರೇ," ಎಂದ ಪಕ್ಕದಲ್ಲಿದ್ದ ತರೀಕೆರೆಯ ಹೊನ್ನೇಶ್. "ಆಯಮ್ಮಂಗೆ ಕೆಲ್ಸ ಕಲಿಸ್ದೋರೇ ನೀವಲ್ವಾ?"

ಕಲಿಸಿದ್ದು ನಿಜ. ಹಿಂದೆ ಮಾಲಿನಿ ತಮ್ಮ ಆಫೀಸಿನಲ್ಲಿ ಕೆಲಸಕ್ಕಿದ್ದಾಗ ತಪ್ಪು ಮಾಡಿದರೆ ಕನಕರಾಜು ಬೈಯುತ್ತಿರಲಿಲ್ಲ, ತಿದ್ದುತ್ತಲೂ ಇರಲಿಲ್ಲ. ತಪ್ಪಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕಿ ಇಟ್ಟು, "ಇನ್ನೊಂದ್ಸಲ ನೋಡಮ್ಮ" ಎಂದು ಹಾಳೆ ವಾಪಸ್ ಕೊಡುತ್ತಿದ್ದರು. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವರ ಸರದಿ ಬಂದಾಗ ಮಾಲಿನಿ ಅಂಕ ಓದಲಿಲ್ಲ. ಬೆಂಚಿನವರೆಗೆ ನಡೆದು ಬಂದು ಹಾಳೆಯನ್ನು ಮಗುಚಿ ಇಟ್ಟಳು. ಕನಕರಾಜು ಅಂಚೆತ್ತಿ ನೋಡಿದರು. ಹತ್ತು ಉತ್ತರಗಳಲ್ಲಿ ಏಳಕ್ಕೆ ಕೈ ತಾನಾಗಿ ಹಳೆಯ ನಂಬರನ್ನೇ ಬರೆದಿತ್ತು. ಕೆಂಪು ಶಾಯಿ ಎಲ್ಲೂ ಇರಲಿಲ್ಲ. ಆ ಏಳೂ ಉತ್ತರಗಳ ಪಕ್ಕದಲ್ಲಿ ಒಂದೊಂದು ಪೆನ್ಸಿಲ್ ಚುಕ್ಕಿ.

"ಇನ್ನೊಂದ್ಸಲ ನೋಡಿ ಸಾರ್," ಎಂದಳು ಮೆಲ್ಲಗೆ. "ಬಸ್ಸಿಗಿನ್ನೂ ಟೈಮಿದೆ."

ಕನಕರಾಜು ನೆಟ್ಟಗೆ ಕೂತು ಪೆನ್ನಿನ ಕ್ಯಾಪ್ ತೆಗೆದರು.

"ಆಯ್ತು ಮೇಡಂ," ಎಂದರು.